ಎರಡೂವರೆ ಗಂಟೆಗೆ ತೆರೆದ ವಾಲ್ವ್

ಹಬೆಯಿಂದ ತಿರುಗುವ ಟರ್ಬೈನಿನ ಕಂಪನ ಏರತೊಡಗಿದ್ದು ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ. ಅದಕ್ಕೆ ಮೊದಲು ಐದು ಗಂಟೆಗಳ ಕಾಲ ಯಂತ್ರ ಸೊಗಸಾಗಿ ಓಡಿತ್ತು. ಕಂಪನದ ಅಂಕಿ 24 ಮೈಕ್ರಾನ್‌ನಲ್ಲಿ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕದಲದೆ ನಿಂತಿತ್ತು. ಆಮೇಲೆ ನಲವತ್ತೇ ನಿಮಿಷಗಳಲ್ಲಿ 71ಕ್ಕೆ ಮುಟ್ಟಿತು. ಆ ಯಂತ್ರಕ್ಕೆ 60ರಲ್ಲಿ ಎಚ್ಚರಿಕೆಯ ಗಂಟೆ ಹೊಡೆಯುತ್ತದೆ, 90ರಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ. ತೊಂಬತ್ತರವರೆಗೆ ಕಾಯುವ ಧೈರ್ಯ ನನಗಿರಲಿಲ್ಲ. ಲೋಡ್ ಇಳಿಸಿ 10 ಗಂಟೆ 5 ನಿಮಿಷಕ್ಕೆ ಯಂತ್ರ ನಿಲ್ಲಿಸುವ ಟ್ರಿಪ್ ಗುಂಡಿಯನ್ನು ನಾನೇ ಒತ್ತಿದೆ.

ಇದು ಇಥಿಯೋಪಿಯಾದ ಅಫಾರ್ ಪ್ರದೇಶದಲ್ಲಿ, ಅವಾಶ್ ನದಿಯ ಕೆಳದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಡೆದದ್ದು. ಕಾರ್ಖಾನೆಯ ಹೆಸರಾಗಲಿ, ಯಂತ್ರ ತಯಾರಿಸಿದವರ ಹೆಸರಾಗಲಿ ಇಲ್ಲಿ ಬೇಡ. ನಾನು ಟರ್ಬೈನ್ ಚಾಲನೆಗೆಂದು ಹೋದ ಎಂಜಿನಿಯರ್. ದೋಷ ಪತ್ತೆಯಾಗಲು ಹನ್ನೊಂದು ದಿನ ಹಿಡಿಯಿತು. ಅದರಲ್ಲಿ ಬಹುಪಾಲು ದಿನಗಳು ನನ್ನ ತಪ್ಪಿನಿಂದ ಹೋದವು. ಯಂತ್ರದ ದೋಷ ಪಠ್ಯಪುಸ್ತಕದಲ್ಲಿ ಸಿಗುವಂಥದ್ದೇ. ಅದನ್ನು ನಮ್ಮ ಕಣ್ಣಿಗೆ ಬೀಳದಂತೆ ಮರೆಮಾಡಿದ್ದ ಇನ್ನೊಂದು ಸಂಗತಿ ನನಗೆ ಎಲ್ಲೂ ಓದಲು ಸಿಕ್ಕಿರಲಿಲ್ಲ. ಅದಕ್ಕಾಗಿ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಊರು, ಬಿಸಿಲು, ಸೌದೆ

ಅವಾಶ್ ಕಡಲು ಸೇರದ ನದಿ. ಅಡಿಸ್ ಅಬಾಬಾದ ಪಶ್ಚಿಮದ ಎತ್ತರದ ನಾಡಿನಲ್ಲಿ ಹುಟ್ಟಿ, ಬಿರುಕು ಕಣಿವೆಯಲ್ಲಿ ಇಳಿದು, ಅಫಾರ್ ಮರುಭೂಮಿಯ ಉಪ್ಪು ಸರೋವರಗಳಲ್ಲಿ ಇಂಗಿಹೋಗುತ್ತದೆ. ಆ ದೇಶದ ಸಕ್ಕರೆಯ ಕಥೆ ಶುರುವಾಗುವುದೂ ಇದೇ ನದಿಯ ದಂಡೆಯಲ್ಲಿ. ಮೊದಲ ಕಾರ್ಖಾನೆ ವೊಂಜಿಯಲ್ಲಿ 1954ರಲ್ಲಿ ಡಚ್ಚರ ಕಂಪನಿಯೊಂದರಿಂದ ಆರಂಭವಾಯಿತು. ನಮ್ಮ ಮಂಡ್ಯದ ಕಾರ್ಖಾನೆ 1933ರದು. ಕಬ್ಬಿನ ಕೆಲಸ ಬಲ್ಲ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ಜನ ಪೂರ್ವ ಆಫ್ರಿಕಾದ ಸಕ್ಕರೆ ಕಾರ್ಖಾನೆಗಳಲ್ಲಿ ಸಿಗುವುದು ಹೊಸತೇನಲ್ಲ. ನಮ್ಮ ತಂಡದ ಹಿರಿಯ ಫಿಟ್ಟರ್ ಮುಧೋಳದ ಕಡೆಯವರು. ನಾನು ಮದ್ದೂರಿನ ಕಡೆಯವನು.

ಮಧ್ಯಾಹ್ನದ ಉಷ್ಣಾಂಶ 44 ಡಿಗ್ರಿ. ಟರ್ಬೈನ್ ಕಟ್ಟಡಕ್ಕೆ ಮೂರು ಕಡೆ ಮಾತ್ರ ತಗಡು ಹೊದಿಸಿದ್ದರು. ನಾಲ್ಕನೆಯ ಕಡೆಯಿಂದ ಹಿಟ್ಟಿನಂಥ ಧೂಳು ನುಗ್ಗುತ್ತಿತ್ತು. ಬೇರಿಂಗ್ ತೆರೆಯಬೇಕಾದರೆ ಗಾಳಿ ಏಳುವ ಮೊದಲು, ಬೆಳಗಿನ ಜಾವದಲ್ಲಿಯೇ ತೆರೆದು ಮುಚ್ಚಬೇಕು. ಹನ್ನೊಂದರ ನಂತರ ಸ್ಪ್ಯಾನರನ್ನು ಬರಿಗೈಯಲ್ಲಿ ಹಿಡಿಯುವುದು ಕಷ್ಟ. 1993ರಲ್ಲಿ ಎರಿಟ್ರಿಯಾ ಬೇರೆ ದೇಶವಾದ ಮೇಲೆ ಇಥಿಯೋಪಿಯಾಕ್ಕೆ ತನ್ನದೆಂಬ ಕರಾವಳಿ ಇಲ್ಲ. ಯಂತ್ರಗಳೆಲ್ಲ ಜಿಬೂಟಿ ಬಂದರಿನಲ್ಲಿ ಇಳಿದು ಅಲ್ಲಿಂದ ಟ್ರೇಲರ್‌ಗಳ ಮೇಲೆ ಬರಬೇಕು. ವಿದ್ಯುತ್ ಉತ್ಪಾದಿಸುವ ನಮ್ಮ ಆಲ್ಟರ್ನೇಟರ್ ಬಂದರಿನ ಉಪ್ಪುಗಾಳಿಯಲ್ಲಿ ತಿಂಗಳುಗಟ್ಟಲೆ ಕುಳಿತು ತೇವ ಹೀರಿಕೊಂಡಿತ್ತು. ಸುರುಳಿಗಳನ್ನು ಮೂರು ದಿನ ಒಣಗಿಸಿದ ಮೇಲೆ ನಿರೋಧನದ ಅಳತೆ ಸರಿಹೋಯಿತು. ಆ ಕೆಲಸ ಸಾವಧಾನ ಬೇಡುತ್ತದೆ, ತೊಡಕಿನದಲ್ಲ.

ತೊಡಕಿದ್ದದ್ದು ಇಂಧನದಲ್ಲಿ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಉರಿಯುವುದು ಕಬ್ಬಿನ ರಚ್ಚಿನಿಂದ, ಅಂದರೆ ರಸ ಹಿಂಡಿ ಉಳಿದ ಸಿಪ್ಪೆಯಿಂದ. ಗಾಣ ತಿರುಗಿದರೆ ರಚ್ಚು, ರಚ್ಚು ಉರಿದರೆ ಹಬೆ, ಹಬೆ ಇದ್ದರೆ ಗಾಣ. ಊರಿನ ಆಲೆಮನೆಯಲ್ಲಿ ಹಿಂದಿನ ವರ್ಷದ ಒಣ ರಚ್ಚನ್ನು ಕೂಡಿಟ್ಟು ಮೊದಲ ಒಲೆ ಹೊತ್ತಿಸುತ್ತಾರೆ. ಹೊಸ ಕಾರ್ಖಾನೆಗೆ ಹಿಂದಿನ ವರ್ಷವೆಂಬುದೇ ಇಲ್ಲ. ಆದ್ದರಿಂದ ಮೊದಲ ಪರೀಕ್ಷೆಗಳನ್ನೆಲ್ಲ ಸೌದೆಯಿಂದ ನಡೆಸಬೇಕಾಗಿತ್ತು. ಆ ಸೌದೆಯ ಮೊದಲ ಟ್ರಕ್ ಬಂದಾಗ ನಾನೂ ನಮ್ಮ ಫಿಟ್ಟರೂ ಮುಖ ಮುಖ ನೋಡಿಕೊಂಡೆವು. ಅದು ಬಳ್ಳಾರಿ ಜಾಲಿ.

ಅಮೆರಿಕ ಖಂಡದಿಂದ ಬಂದ ಅದೇ ಮುಳ್ಳುಗಿಡ. ನಮ್ಮ ಬಯಲುಸೀಮೆಯ ಕೆರೆಯಂಗಳಗಳನ್ನು ನುಂಗಿದ ಹಾಗೆಯೇ ಅಫಾರ್ ಜನರ ಹುಲ್ಲುಗಾವಲನ್ನೂ ನುಂಗಿದೆ. ಅಲ್ಲಿ ಅದನ್ನು ವೊಯಾನೆ ಎನ್ನುತ್ತಾರೆ. ಆಡು ಅದರ ಕಾಯಿ ತಿನ್ನುತ್ತದೆ, ಬೀಜ ಹಿಕ್ಕೆಯಲ್ಲಿ ಊರೂರು ಸುತ್ತುತ್ತದೆ, ಮುಳ್ಳು ಲಾರಿಯ ಟೈರನ್ನೂ ಬಿಡುವುದಿಲ್ಲ. ಆದರೆ ಬೆಂಕಿಗೆ ಅದರಷ್ಟು ಒಳ್ಳೆಯ ಸೌದೆ ಕಡಿಮೆ. ನನ್ನ ಲೆಕ್ಕದಲ್ಲಿ ಒಂದು ಕಿಲೋ ಒಣ ಜಾಲಿಗೆ ಸುಮಾರು ನಾಲ್ಕು ಕಿಲೋ ಹಬೆ. ಗಂಟೆಗೆ 25 ಟನ್ ಹಬೆ ಬೇಕಾದರೆ ಹತ್ತು ಗಂಟೆಯ ಓಟಕ್ಕೆ 60 ಟನ್ನಿಗೂ ಹೆಚ್ಚು ಸೌದೆ ಸುಡಬೇಕು. ಅಷ್ಟನ್ನೂ ಕಡಿದು, ಮುಳ್ಳು ಸವರಿ, ತುಂಡು ಮಾಡಿ, ಕುಲುಮೆಯ ಬಾಗಿಲಲ್ಲಿ ಕೈಯಿಂದ ಎಸೆಯುವವರು ಅಫಾರ್‌ನ ಕೂಲಿಕಾರರು. ಹೀಗಾಗಿ ಒಂದೊಂದು ಓಟಕ್ಕೂ ನಾಲ್ಕೈದು ದಿನ ಸೌದೆ ಕೂಡಿಸಬೇಕಿತ್ತು. 'ಇನ್ನೊಮ್ಮೆ ಓಡಿಸಿ ನೋಡೋಣ' ಎನ್ನುವುದು ಅಲ್ಲಿ ಹಗುರವಾಗಿ ಆಡುವ ಮಾತಾಗಿರಲಿಲ್ಲ.

ಯಂತ್ರ ಹೇಳಿದ್ದು

ಟರ್ಬೈನ್ ನಿಮಿಷಕ್ಕೆ 6,800 ಸುತ್ತು ತಿರುಗುತ್ತದೆ. ಗೇರ್‌ಬಾಕ್ಸ್ ಅದನ್ನು 1,500ಕ್ಕೆ ಇಳಿಸಿ ಆಲ್ಟರ್ನೇಟರ್‌ಗೆ ಕೊಡುತ್ತದೆ. ಟರ್ಬೈನಿನಲ್ಲಿ ಕೆಲಸ ಮುಗಿಸಿದ ಹಬೆ ವ್ಯರ್ಥವಾಗುವುದಿಲ್ಲ. 700 ಮಿಲಿಮೀಟರ್ ವ್ಯಾಸದ ಒಂದು ದೊಡ್ಡ ಕೊಳವೆಯಲ್ಲಿ ಹೊರಟು, ರಸ ಕುದಿಸುವ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಬೇಡಿಕೆ ಇಲ್ಲದಿದ್ದಾಗ ಟರ್ಬೈನಿನ ಪಕ್ಕದಲ್ಲೇ ಇರುವ ಕವಲಿನಿಂದ ಸೈಲೆನ್ಸರ್ ಮೂಲಕ ಆಕಾಶಕ್ಕೆ ಬಿಡಬಹುದು. ನಮ್ಮ ಮೊದಲ ಐದು ಗಂಟೆಗಳ ಸೊಗಸಾದ ಓಟ ಹೀಗೆ ಆಕಾಶಕ್ಕೆ ಹಬೆ ಬಿಟ್ಟುಕೊಂಡು ನಡೆದದ್ದು. ಈ ಕವಲಿನ ಆಚೆಗೆ ಒಂದು ದೊಡ್ಡ ವಾಲ್ವ್, ಅದನ್ನು ಬಳಸಿ ಹೋಗುವ ಒಂದು ಸಣ್ಣ ಬೈಪಾಸ್, ಅದರಾಚೆ ಒಂದು ಬೆಲ್ಲೋಸ್ (ಹಿಗ್ಗಿ ಕುಗ್ಗಬಲ್ಲ, ಮಡಿಕೆಗಳಿರುವ ಕೊಳವೆಯ ತುಂಡು), ಅಲ್ಲಿಂದ 32 ಮೀಟರ್ ನೇರ ಕೊಳವೆ.

ಕಂಪನದ ಗುಣವನ್ನು ಬಿಡಿಸಿ ನೋಡಿದಾಗ ಸುತ್ತಿನ ಎರಡು ಪಟ್ಟು ಆವರ್ತನದ ಪಾಲು ದೊಡ್ಡದಾಗಿತ್ತು. ಇದು ಸಾಮಾನ್ಯವಾಗಿ ಅಲೈನ್‌ಮೆಂಟ್ ಕೆಟ್ಟದ್ದರ ಗುರುತು. ಅಂದರೆ ಟರ್ಬೈನಿನ ಅಕ್ಷ ಮತ್ತು ಗೇರ್‌ಬಾಕ್ಸಿನ ಅಕ್ಷ ಒಂದೇ ಗೆರೆಯಲ್ಲಿಲ್ಲ. ರೋಟರಿನ ತೂಕ ಸಮವಾಗಿಲ್ಲದಿದ್ದರೆ ಒಂದು ಪಟ್ಟಿನ ಕಂಪನ ಏರಬೇಕಾಗಿತ್ತು, ಅದು ಏರಿರಲಿಲ್ಲ. ಬೇರಿಂಗಿನ ಶಾಖ ಎಂಟು ಡಿಗ್ರಿಯಷ್ಟು ಹೆಚ್ಚಿತ್ತು. ತೈಲ ಶುದ್ಧವಾಗಿತ್ತು, ಕೂಲರಿನಲ್ಲಿ ಅವಾಶ್‌ನ ಕೆಂಪು ಹೂಳು ಸ್ವಲ್ಪ ಕುಳಿತಿತ್ತು.

ಯಂತ್ರ ತಣ್ಣಗಾದ ಮೇಲೆ ಟರ್ಬೈನನ್ನೂ ಗೇರ್‌ಬಾಕ್ಸನ್ನೂ ಜೋಡಿಸುವ ಕಪ್ಲಿಂಗ್ ಬಿಚ್ಚಿ, ಕೂದಲೆಳೆಯಷ್ಟು ಸರಿದರೂ ತೋರಿಸುವ ಡಯಲ್ ಗೇಜ್ ಇಟ್ಟೆವು. ಅಲೈನ್‌ಮೆಂಟ್ ನಾವು ಮಾಡಿಟ್ಟ ಹಾಗೆಯೇ ಇತ್ತು. ವ್ಯತ್ಯಾಸ ಎರಡು ನೂರಂಶ ಮಿಲಿಮೀಟರೂ ಇಲ್ಲ.

ತಣ್ಣಗಿದ್ದಾಗ ಸರಿ, ಬಿಸಿಯಾದಾಗ ತಪ್ಪು. ಟರ್ಬೈನಿನ ಕೆಲಸ ತಿಳಿದ ಯಾರೇ ಆದರೂ ಇಲ್ಲಿ ಮೊದಲು ಕೊಳವೆಯ ಮೇಲೆ ಕಣ್ಣು ಹಾಕುತ್ತಾರೆ. ಬಿಸಿಯಾದ ಉಕ್ಕು ಉದ್ದವಾಗುತ್ತದೆ. ಮೀಟರಿಗೆ, ಪ್ರತಿ ಡಿಗ್ರಿಗೆ, ಸುಮಾರು 12 ಮೈಕ್ರಾನ್. 32 ಮೀಟರ್ ಕೊಳವೆ 40ರಿಂದ 138 ಡಿಗ್ರಿಗೆ ಏರಿದರೆ 37 ಮಿಲಿಮೀಟರ್ ಬೆಳೆಯುತ್ತದೆ. ಕೊಳವೆಯ ಆಚೆ ತುದಿಯನ್ನು ಕಾಂಕ್ರೀಟಿಗೆ ಬಿಗಿದಿರುವುದರಿಂದ ಬೆಳೆದದ್ದೆಲ್ಲ ಟರ್ಬೈನಿನ ಕಡೆಗೇ ಬರಬೇಕು. ಅದನ್ನು ನುಂಗಿಕೊಳ್ಳಲೆಂದೇ ಬೆಲ್ಲೋಸ್ ಇರುವುದು. ನಾನೂ ಕೊಳವೆಯನ್ನೇ ಮೊದಲು ಶಂಕಿಸಿದೆ. ಆದರೆ ಆ ಕೊಳವೆ ನಿರಪರಾಧಿ ಎನ್ನುವುದಕ್ಕೆ ನನ್ನ ಕೈಯಲ್ಲಿ ಬರಹದ ಸಾಕ್ಷ್ಯ ಇತ್ತು.

ನೋಟ್‌ಬುಕ್ಕಿನ ಸಾಕ್ಷ್ಯ

ಕಂಪನ, ಬೇರಿಂಗ್ ಶಾಖ, ಲೋಡ್ ಇವೆಲ್ಲ ನಿಯಂತ್ರಣ ಕೊಠಡಿಯ ಕಂಪ್ಯೂಟರಿನಲ್ಲಿ ದಾಖಲಾಗುತ್ತವೆ. ಆದರೆ ಆ ಉದ್ದ ಕೊಳವೆಯ ಮೇಲಿದ್ದದ್ದು ಕಣ್ಣಿನಿಂದ ನೋಡಿ ಓದಬೇಕಾದ ಒಂದು ಡಯಲ್ ಥರ್ಮಾಮೀಟರ್ ಮಾತ್ರ. ಅದನ್ನು ಓದಿ ಬರೆಯಲು, ಬೈಪಾಸ್ ತೆರೆದು ಮುಚ್ಚಲು, ರಸ ವಿಭಾಗದ ಒಬ್ಬ ಇಥಿಯೋಪಿಯನ್ ಆಪರೇಟರ್ ಇದ್ದ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿನ, ಮಾತು ಕಡಿಮೆಯ ಹುಡುಗ. ಗಂಟೆಗಳನ್ನು ಮೊದಲೇ ಮುದ್ರಿಸಿದ ಲಾಗ್ ಹಾಳೆಗಳು ಜಿಬೂಟಿಯ ಕಸ್ಟಮ್ಸಿನಲ್ಲಿ ಒಂದು ಪೆಟ್ಟಿಗೆಯ ಜೊತೆ ಸಿಕ್ಕಿಕೊಂಡಿದ್ದರಿಂದ ಆ ಹುಡುಗ ಶಾಲೆಯ ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಗೆರೆ ಹಾಕಿಕೊಂಡು ಬರೆಯುತ್ತಿದ್ದ. ಅವನ ಮೇಲಧಿಕಾರಿ ಆ ಪೆಟ್ಟಿಗೆ ಬಿಡಿಸಿಕೊಂಡು ಬರಲು ಬಂದರಿಗೆ ಹೋಗಿದ್ದರು.

ಮೊದಲ ಓಟದ ದಿನ ಅವನು ಬರೆದದ್ದು ಹೀಗಿತ್ತು:

12:00 – ಲೈನ್ ತಣ್ಣಗೆ, 41
1:00 – 41
2:30 – ಬೈಪಾಸ್ ತೆರೆಯಿತು
3:00 – 96
3:30 – 127
4:00 – 138

3:00 ಮತ್ತು 3:30ರ ನಡುವೆ, ಅಂಚಿನಲ್ಲಿ, 3:10 ಎಂದು ಬರೆದು ಪಕ್ಕದಲ್ಲಿ ಅಮ್ಹಾರಿಕ್ ಲಿಪಿಯಲ್ಲಿ ಒಂದು ಪದ ಇತ್ತು. ನಮಗೆ ಓದಲು ಬರುತ್ತಿರಲಿಲ್ಲ. ಯಾರನ್ನೂ ಕೇಳಲೂ ಇಲ್ಲ.

ನಾನು ಓದಿಕೊಂಡದ್ದು ಇದು: ಮಧ್ಯಾಹ್ನ ಹನ್ನೆರಡಕ್ಕೂ ಲೈನ್ ತಣ್ಣಗಿತ್ತು, ಎರಡೂವರೆಗೆ ಅದಕ್ಕೆ ಹಬೆ ಕೊಟ್ಟರು. ಕಂಪನ ಏರಿದ್ದು ಬೆಳಿಗ್ಗೆ 9:10ಕ್ಕೆ. ಟರ್ಬೈನ್ ನಿಂತ ಮೇಲೂ ಬಾಯ್ಲರಿನಲ್ಲಿ ಸಂಜೆಯವರೆಗೆ ಒತ್ತಡ ಉಳಿದಿತ್ತು. ಆ ಹಬೆಯನ್ನು ಒತ್ತಡ ಇಳಿಸುವ ವಾಲ್ವ್ ಮೂಲಕ ನೇರವಾಗಿ ಪಡೆದು ಅವರು ಲೈನನ್ನು ಕಾಯಿಸಿಕೊಂಡಿರಬೇಕು. ಹಾಗಿದ್ದರೆ ಕಂಪನ ಬಂದಾಗ ಕೊಳವೆ ತಣ್ಣಗಿತ್ತು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಫಿಟ್ಟರ್ ಒಪ್ಪಲಿಲ್ಲ. 'ಸಾಹೇಬರೇ, ಒಮ್ಮೆ ಆ ಲೈನಿನ ಹೊದಿಕೆ ಬಿಚ್ಚಿ ನೋಡೋಣ' ಎಂದರು. ಬೆಲ್ಲೋಸಿನ ಮೇಲೆ ಆಗಲೇ ಶಾಖ ತಡೆಯುವ ರಾಕ್‌ವೂಲ್ ಸುತ್ತಿ ಅಲ್ಯೂಮಿನಿಯಂ ತಗಡು ಹೊದಿಸಿದ್ದರು. ಜೋಡಣೆಯ ಗುತ್ತಿಗೆದಾರರ ತಪಾಸಣಾ ಪಟ್ಟಿಯಲ್ಲಿ 'ಬೆಲ್ಲೋಸ್' ಎಂಬ ಸಾಲಿನ ಮುಂದೆ ಸರಿ ಗುರುತೂ ಇತ್ತು. ನಾನು ಬೇಡವೆಂದೆ. ಬರಹದ ಸಾಕ್ಷ್ಯ ಎದುರಿಗಿರುವಾಗ ಊಹೆಯ ಹಿಂದೆ ಹೋಗಬಾರದು ಎಂಬುದು ನನ್ನ ವಾದ. ಆ ವಾದ ಇವತ್ತಿಗೂ ತಪ್ಪೆಂದು ನನಗನಿಸುವುದಿಲ್ಲ. ಬರಹವನ್ನು ಓದಲು ನನಗೆ ಬರುತ್ತಿರಲಿಲ್ಲ, ಅಷ್ಟೇ.

ಮುಂದಿನ ದಿನಗಳಲ್ಲಿ ಮತ್ತೆ ಅಲೈನ್‌ಮೆಂಟ್, ತೈಲ ಕೂಲರಿನ ಶುಚಿ, ಬೇರಿಂಗಿನ ಎಡೆಯ ಅಳತೆ, ತಳಪಾಯದ ಬೋಲ್ಟುಗಳ ಬಿಗಿ. ಏನೂ ಸಿಗಲಿಲ್ಲ. ಸೌದೆ ಕೂಡಿತು.

ಎರಡನೆಯ ಓಟದ ದಿನ ಬೆಳಿಗ್ಗೆ ಹತ್ತಕ್ಕೆ ಬಾಯ್ಲರ್ ಹೊತ್ತಿಸಿದೆವು. ಮುಖ್ಯ ಹಬೆಯ ವಾಲ್ವ್ ತೆರೆದದ್ದು ಸಂಜೆ 6:10ಕ್ಕೆ. ಏಳಕ್ಕೆ ಟರ್ಬೈನ್ ತಿರುಗಿತು, ಒಂಬತ್ತಕ್ಕೆ ಲೋಡ್ ಹಿಡಿಯಿತು. 25 ಮೈಕ್ರಾನ್. ನಾವೆಲ್ಲ ಉಸಿರು ಬಿಟ್ಟೆವು. ರಾತ್ರಿ 10:40ಕ್ಕೆ ಅದೇ ಏರಿಕೆ ಮತ್ತೆ ಶುರುವಾಯಿತು, 11:20ಕ್ಕೆ 68. ಮತ್ತೆ ನಿಲ್ಲಿಸಿದೆ. ಅರವತ್ತು ಟನ್ ಸೌದೆಗಾಗಿ ದುಡಿದವರು ಕುಲುಮೆಯ ಬಾಗಿಲ ಬಳಿ ಬೆವರು ಒರೆಸಿಕೊಳ್ಳುತ್ತ ಸುಮ್ಮನೆ ನಿಂತಿದ್ದರು. ಅವರ ಕಡೆಗೆ ನೋಡಲಾಗಲಿಲ್ಲ.

ಬೆಳಿಗ್ಗೆ ಹುಡುಗನ ನೋಟ್‌ಬುಕ್ ತರಿಸಿದೆ. '4:00 – ಬೈಪಾಸ್ ತೆರೆಯಿತು. 5:15 – 138.' ಸಂಜೆ ನಾಲ್ಕು ಗಂಟೆಗೆ ಮುಖ್ಯ ವಾಲ್ವ್ ಇನ್ನೂ ಮುಚ್ಚಿತ್ತು. ಐದೂಕಾಲಿಗೆ ಆ ಕೊಳವೆಯಲ್ಲಿ ಒಂದು ಹನಿ ಹಬೆಯೂ ಇರಲು ಸಾಧ್ಯವಿರಲಿಲ್ಲ. ಬೆಳಗಿನ ಜಾವದ ನಾಲ್ಕು ಎಂದುಕೊಂಡರೆ ಬಾಯ್ಲರಿಗೆ ಬೆಂಕಿಯೇ ಬಿದ್ದಿರಲಿಲ್ಲ. ಯಾವ ನಾಲ್ಕು ಗಂಟೆ ಎಂದುಕೊಂಡರೂ ಬರೆದದ್ದು ಸುಳ್ಳು.

ಗೇಜಿನ ಹತ್ತಿರ ಹೋಗದೆ ಕುಳಿತಲ್ಲೇ ಅಂಕಿ ತುಂಬುವ ಚಾಳಿ ಯಾವ ದೇಶದ ಕಾರ್ಖಾನೆಯಲ್ಲೂ ಇದೆ. ನಾನು ಅದನ್ನು ಬಲ್ಲೆ, ಅದನ್ನು ಕಂಡರೆ ನನಗೆ ಆಗುವುದಿಲ್ಲ. ಹತ್ತು ಜನರ ಎದುರಿನಲ್ಲಿ ಆ ಹುಡುಗನನ್ನು ಕೇಳಿದೆ: 'ಇದನ್ನು ನೀನು ನಿಂತು ನೋಡಿ ಬರೆದೆಯಾ?' ಹೌದೆಂದ. 'ನಮ್ಮ ಲೆಕ್ಕದಲ್ಲಿಯೇ ಬರೆದೆಯಾ?' 'ಇಶಿ' ಎಂದ. ಇಶಿ ಎಂದರೆ ಆಗಲಿ, ಸರಿ. ಹಿರಿಯರು ಏನು ಹೇಳಿದರೂ ಅಲ್ಲಿಯ ಜನ ಮರ್ಯಾದೆಗೆ ಇಶಿ ಎನ್ನುತ್ತಾರೆ. ನಾನು ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಡಿದು, ನಿನ್ನ ಬರಹಕ್ಕೂ ಯಂತ್ರಕ್ಕೂ ಸಂಬಂಧವಿಲ್ಲ ಎಂದೆ. ಅವನನ್ನು ಆ ಕೆಲಸದಿಂದ ತೆಗೆದು ಸೌದೆಯ ಅಂಗಳಕ್ಕೆ ಕಳುಹಿಸಲು ಹೇಳಿದೆ. ಅವನು ಒಂದು ಮಾತೂ ಆಡದೆ ಹೋದ.

ಆರು ಗಂಟೆ

ಅವನ ಮೇಲೆ ಲಿಖಿತ ದೂರು ಕೊಡಬೇಕೆಂದು ಎರಡು ರಾತ್ರಿಯ ಬಳಿಕ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದತೊಡಗಿದೆ. ಸುಳ್ಳಾದ ಪ್ರತಿ ಸಾಲಿಗೂ ಕಂಪ್ಯೂಟರಿನ ದಾಖಲೆಯನ್ನು ಎದುರಿಟ್ಟು ಕೆಂಪು ಗುರುತು ಹಾಕುವುದು ನನ್ನ ಉದ್ದೇಶ. ಮೊದಲ ಓಟದ ನಂತರದ ಎರಡನೆಯ ದಿನ ಹೊರಗಿನ ವಿದ್ಯುತ್ ಹೋಗಿತ್ತು. ಅದು ನನಗೆ ಚೆನ್ನಾಗಿ ನೆನಪಿತ್ತು, ಏಕೆಂದರೆ ಡಯಲ್ ಗೇಜ್ ಓದುತ್ತಿದ್ದಾಗಲೇ ದೀಪ ಆರಿತ್ತು. ನೋಟ್‌ಬುಕ್ಕಿನಲ್ಲಿ: '4:20 – ಕರೆಂಟ್ ಇಲ್ಲ. 5:05 – ಕರೆಂಟ್ ಬಂತು.' ಕಂಪ್ಯೂಟರಿನಲ್ಲಿ: ಹೋದದ್ದು 10:20, ಬಂದದ್ದು 11:05.

ನಿಮಿಷಕ್ಕೆ ನಿಮಿಷ ಸರಿ. ಗಂಟೆ ಮಾತ್ರ ಆರು ಹಿಂದೆ.

ಕುಳಿತಲ್ಲೇ ಅಂಕಿ ತುಂಬುವವನು ನಿಮಿಷವನ್ನು ಹೀಗೆ ಹಿಡಿಯಲಾರ. ಪೆನ್ನು ಕೆಳಗಿಟ್ಟೆ. ಇಥಿಯೋಪಿಯಾದ ಜನ ಗಂಟೆಯನ್ನು ಬೆಳಗಿನಿಂದ ಎಣಿಸುತ್ತಾರೆ ಎಂದು ನಾನು ಕೇಳಿರಲಿಲ್ಲವೇ? ಕೇಳಿದ್ದೆ. ನಮ್ಮ ಆರು ಗಂಟೆ ಅವರಿಗೆ ಹನ್ನೆರಡು, ನಮ್ಮ ಏಳು ಅವರಿಗೆ ಒಂದು. ಸಂಜೆ ಆರಕ್ಕೆ ಮತ್ತೆ ಹನ್ನೆರಡು, ರಾತ್ರಿಯ ಎಣಿಕೆ ಮೊದಲಿನಿಂದ. ಪೇಟೆಯಲ್ಲಿ ಬಸ್ಸು 'ಎರಡಕ್ಕೆ' ಹೊರಡುತ್ತದೆ ಎಂದರೆ ಎಂಟಕ್ಕೆ ಎಂದು ಡ್ರೈವರ್ ಒಮ್ಮೆ ತಿಳಿಸಿದ್ದ. ಸಮಭಾಜಕ ರೇಖೆಗೆ ಹತ್ತಿರದ ನಾಡು, ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹುಟ್ಟುತ್ತಾನೆ. ಅಲ್ಲಿ ಅದು ಅತ್ಯಂತ ಸಹಜವಾದ ಎಣಿಕೆ. ನಮ್ಮ ಪಂಚಾಂಗದಲ್ಲೂ ದಿನ ಹುಟ್ಟುವುದು ಸೂರ್ಯೋದಯಕ್ಕೇ, ನನ್ನ ಅಜ್ಜ ಗಳಿಗೆ ಎಣಿಸುತ್ತಿದ್ದದ್ದೂ ಅಲ್ಲಿಂದಲೇ. ಆದರೆ ಅದು ಪೇಟೆಯ ಮಾತು, ಕಾರ್ಖಾನೆಯೊಳಗೆ ಗಡಿಯಾರದ ಗಂಟೆಯೇ ನಡೆಯುತ್ತದೆ ಎಂದು ನನ್ನಷ್ಟಕ್ಕೆ ನಾನು ನಿರ್ಧರಿಸಿಕೊಂಡಿದ್ದೆ. ಅದಕ್ಕೊಂದು ಕಾರಣವೂ ಇತ್ತು. ಅವರ ಪಂಚಾಂಗಕ್ಕೆ ಹದಿಮೂರು ತಿಂಗಳು, ವರ್ಷ ನಮಗಿಂತ ಏಳೆಂಟು ಹಿಂದೆ. ಆದ್ದರಿಂದ ನಾನು ಹೋದ ಮೊದಲ ವಾರವೇ ದಿನಾಂಕವನ್ನು ನಮ್ಮ ಪದ್ಧತಿಯಲ್ಲಿ ಬರೆಯಿರಿ ಎಂದು ಎಲ್ಲರಿಗೂ ಹೇಳಿದ್ದೆವು. ಪುಟದ ಮೇಲೆ ನಮ್ಮ ದಿನಾಂಕ ಕಂಡ ಮೇಲೆ ಕೆಳಗಿನ ಗಂಟೆಯೂ ನಮ್ಮದೇ ಎಂದುಕೊಂಡೆ.

ಎಲ್ಲ ಸಾಲುಗಳಿಗೂ ಆರು ಕೂಡಿಸುತ್ತ ಹೋದೆ. 2:30 ಎಂದರೆ ಬೆಳಿಗ್ಗೆ 8:30. ಬೈಪಾಸ್ ತೆರೆದು ನಲವತ್ತು ನಿಮಿಷಕ್ಕೆ ಕಂಪನ ಶುರು. ಎರಡನೆಯ ಓಟದಲ್ಲಿ 4:00 ಎಂದರೆ ರಾತ್ರಿ 10:00. ಅಲ್ಲೂ ನಲವತ್ತು ನಿಮಿಷಕ್ಕೆ ಸರಿಯಾಗಿ. ಕೊಳವೆ ತಪ್ಪಿತಸ್ಥ ಎಂದು ಹೇಳುವ ದಾಖಲೆ ಎಂಟು ದಿನಗಳಿಂದ ನನ್ನ ಮೇಜಿನ ಮೇಲೆಯೇ ಇತ್ತು. ಅದನ್ನು ಬರೆದವನನ್ನು ನಾನು ಸೌದೆ ಹೊರಲು ಕಳುಹಿಸಿದ್ದೆ.

ದಿಮ್ತ್ಸ್

ಬೆಳಿಗ್ಗೆ ಸೌದೆಯ ಅಂಗಳಕ್ಕೆ ಹೋದೆ. ಅವನ ಮುಂಗೈಯ ಮೇಲೆಲ್ಲ ಜಾಲಿಮುಳ್ಳಿನ ಗೀರುಗಳಿದ್ದವು. ಅಮ್ಹಾರಿಕ್‌ನಲ್ಲಿ ಕ್ಷಮೆ ಕೇಳುವ ಪದವನ್ನು ದಾರಿಯಲ್ಲಿ ಡ್ರೈವರನಿಂದ ಕಲಿತಿದ್ದೆ. 'ಯಿಕರ್ತಾ' ಎಂದೆ. ನೋಟ್‌ಬುಕ್ ತೆರೆದು 2:30ರ ಪಕ್ಕದಲ್ಲಿ 8:30 ಎಂದು ಬರೆದು ತೋರಿಸಿದೆ. ಅವನು ತುಸು ಹೊತ್ತು ನೋಡಿದ. ಆಮೇಲೆ ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದ: 'ದಿನಾಂಕ ನಿಮ್ಮದು ಬರೆಯಲು ಹೇಳಿದಿರಿ, ಬರೆದೆ. ಗಂಟೆಯ ಬಗ್ಗೆ ಯಾರೂ ಹೇಳಲಿಲ್ಲ.'

ಅಂಚಿನ ಪದ ಏನು ಎಂದು ಕೇಳಿದೆ. 'ದಿಮ್ತ್ಸ್' ಎಂದ. ಸದ್ದು. ಎರಡು ಓಟಗಳಲ್ಲೂ ಅವನು ಆ ಪದ ಬರೆದಿದ್ದ. ಮೊದಲನೆಯದರಲ್ಲಿ 3:10, ಎರಡನೆಯದರಲ್ಲಿ 4:40. ಅಂದರೆ 9:10 ಮತ್ತು ರಾತ್ರಿ 10:40. ಕಂಪನ ಏರಲು ತೊಡಗಿದ ಅದೇ ನಿಮಿಷ. ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ನನ್ನನ್ನು ಕರೆದುಕೊಂಡು ಹೋಗಿ, ಏಣಿ ಹತ್ತಿ, ಅಲ್ಯೂಮಿನಿಯಂ ತಗಡಿನ ಒಂದು ಜಾಗದ ಮೇಲೆ ಅಂಗೈ ಇಟ್ಟ. ಅದರ ಕೆಳಗೆ ಬೆಲ್ಲೋಸ್ ಇತ್ತು.

ತಗಡು ಬಿಚ್ಚಿಸಿದೆವು. ಬೆಲ್ಲೋಸಿನ ಸುತ್ತ ನಾಲ್ಕು ಉಕ್ಕಿನ ಸರಳುಗಳು, ಎರಡೂ ಕಡೆ ನಟ್ಟುಗಳು ಗಟ್ಟಿಯಾಗಿ ಬಿಗಿದಿದ್ದವು. ಸಾಗಣೆಯಲ್ಲಿ ಬೆಲ್ಲೋಸ್ ಹಿಗ್ಗಿ ಕುಗ್ಗಿ ಹಾಳಾಗದಿರಲೆಂದು ಈ ಸರಳುಗಳನ್ನು ಹಾಕಿ ಕಳುಹಿಸುತ್ತಾರೆ. ಜೋಡಣೆ ಮುಗಿದ ಮೇಲೆ, ನೀರಿನ ಒತ್ತಡದ ಪರೀಕ್ಷೆಗೆ ಮೊದಲೇ ತೆಗೆಯಬೇಕು. ಎದ್ದು ಕಾಣಲೆಂದು ತಯಾರಕರು ಹಳದಿ ಬಣ್ಣ ಬಳಿದಿರುತ್ತಾರೆ. ಇಲ್ಲಿ ಕೊಳವೆಗೆ ಬೆಳ್ಳಿ ಬಣ್ಣ ಹೊಡೆದವರು ಸರಳುಗಳಿಗೂ ಅದನ್ನೇ ಹೊಡೆದಿದ್ದರು. ಪರೀಕ್ಷೆ ನಡೆಸಿದ ತಂಡ ಕೆಲಸ ಮುಗಿಸಿ ಊರಿಗೆ ಹೋಗಿತ್ತು, ಹೊದಿಕೆ ಹಾಕಲು ಬಂದದ್ದು ಬೇರೆ ತಂಡ. ತಪಾಸಣಾ ಪಟ್ಟಿಯ ಸರಿ ಗುರುತು ಹೇಳಿದ್ದು ಇಷ್ಟೇ: ಬೆಲ್ಲೋಸ್ ಕೂರಿಸಲಾಗಿದೆ. ಅದು ಉಸಿರಾಡುತ್ತದೆಯೇ ಎಂದು ಕೇಳುವ ಸಾಲು ಪಟ್ಟಿಯಲ್ಲಿರಲಿಲ್ಲ. ನಾನಾದರೂ ಹಾಗೆ ಕೇಳಬೇಕಿತ್ತು.

ಫಿಟ್ಟರ್ ಸ್ಪ್ಯಾನರ್ ಎತ್ತಿಕೊಂಡರು. ಸ್ವಲ್ಪ ತಡೆಯಿರಿ ಎಂದೆ. ಕಣ್ಣಿಗೆ ಬಿದ್ದ ದೋಷವೇ ಕಾರಣ ಎಂದು ಖಚಿತವಾಗದೆ ತೆಗೆದುಬಿಟ್ಟರೆ, ಮೂರನೆಯ ಓಟದಲ್ಲಿ ಮತ್ತೆ ಕಂಪನ ಬಂದಾಗ ನಮ್ಮ ಬಳಿ ಹೇಳಲು ಏನೂ ಇರುವುದಿಲ್ಲ. ಟರ್ಬೈನನ್ನು ನಿಂತಲ್ಲೇ ಬಿಟ್ಟು, ಅದರ ಕವಚಕ್ಕೆ ಅಡ್ಡಲಾಗಿ ಎರಡು, ಉದ್ದಕ್ಕೆ ಒಂದು ಡಯಲ್ ಗೇಜ್ ನಿಲ್ಲಿಸಿದೆವು. ಬಾಯ್ಲರಿನಿಂದ ಕಡಿಮೆ ಒತ್ತಡದ ಹಬೆಯನ್ನು ನೇರವಾಗಿ ಆ ಕೊಳವೆಗೆ ಮಾತ್ರ ಕೊಟ್ಟೆವು. ಇದಕ್ಕೆ ಇಪ್ಪತ್ತು ಟನ್ ಸೌದೆ ಸಾಕಾಯಿತು. ಥರ್ಮಾಮೀಟರ್ ನೂರನ್ನು ದಾಟಿದಾಗ ಬೆಲ್ಲೋಸಿನ ಕಡೆಯಿಂದ ದಪ್ಪನೆಯ ಒಂದು ಸದ್ದು ಬಂತು. ಅಂಟಿಕೊಂಡಿದ್ದ ಕೊಳವೆ ತನ್ನ ಆಧಾರದ ಮೇಲೆ ಒಮ್ಮೆಲೇ ಜಾರಿದ ಸದ್ದು. ಏಣಿಯ ಮೇಲಿದ್ದ ಹುಡುಗ ನನ್ನ ಕಡೆ ತಿರುಗಿ ನೋಡಿದ. ಅದೇ ಕ್ಷಣದಲ್ಲಿ ಡಯಲ್ ಗೇಜಿನ ಮುಳ್ಳು ಹೊರಟಿತು. 138 ಡಿಗ್ರಿಗೆ ಬರುವಷ್ಟರಲ್ಲಿ ಟರ್ಬೈನಿನ ಕವಚ 0.35 ಮಿಲಿಮೀಟರ್ ಪಕ್ಕಕ್ಕೆ ಸರಿದಿತ್ತು. ಆ ಕಪ್ಲಿಂಗ್ ಸಹಿಸುವುದು 0.05. ಕೊಳವೆಯ ಬಾಗುಗಳು 37 ಮಿಲಿಮೀಟರಿನ ಬಹುಪಾಲನ್ನು ಹೇಗೋ ತಡೆದುಕೊಂಡಿದ್ದವು. ಉಳಿದ ಕೂದಲೆಳೆಯಷ್ಟು ನೂಕಿಗೇ ಯಂತ್ರ ನಡುಗಿತ್ತು.

ಸರಳುಗಳನ್ನು ತೆಗೆದು, ಕೊಳವೆ ತಣಿದ ಮೇಲೆ ಮತ್ತೆ ಅದೇ ಪರೀಕ್ಷೆ. 0.03. ಆಮೇಲೆ ಟರ್ಬೈನಿನ ಹಬೆ ಹೊರಡುವ ಬಾಯಿಯನ್ನು ಕೊಳವೆಗೆ ಜೋಡಿಸುವ ಫ್ಲಾಂಜನ್ನು ಬಿಚ್ಚಿ ನೋಡಿದಾಗ ಎರಡು ಮುಖಗಳು ಅಡ್ಡಕ್ಕೆ ಆರು ಮಿಲಿಮೀಟರ್ ಸರಿದಿದ್ದವು. ಎಳೆದು ಬೋಲ್ಟ್ ಹಾಕಿದರೆ ಅದೂ ಒಂದು ನೂಕೇ. ಕೊಳವೆಯ ಒಂದು ತುಂಡನ್ನು ಕತ್ತರಿಸಿ ಮತ್ತೆ ಬೆಸೆದು ಸರಿಪಡಿಸಲು ಎರಡು ದಿನ ಹೋಯಿತು. ಬೆಸುಗೆಯವರು ರಾತ್ರಿಯೇ ಕೆಲಸ ಮಾಡಿದರು. ಹಗಲಿನಲ್ಲಿ ಆ ಕೊಳವೆಯ ಮೇಲೆ ಕುಳಿತುಕೊಳ್ಳಲು ಆಗುತ್ತಿರಲಿಲ್ಲ.

ವರದಿ

ನನ್ನ ವರದಿಯಲ್ಲಿ ಎರಡು ಕಾರಣಗಳನ್ನು ಬೇರೆಬೇರೆಯಾಗಿ ಬರೆದೆ. ಕಂಪನಕ್ಕೆ ಕಾರಣ ಸಾಗಣೆಯ ಸರಳುಗಳು. ವಿಳಂಬಕ್ಕೆ ಕಾರಣ, ಎರಡು ದಾಖಲೆಗಳ ಗಡಿಯಾರಗಳನ್ನು ಹೊಂದಿಸಿಕೊಳ್ಳದೆ ಓದಿದ್ದು, ಮತ್ತು ಓದಿದವನು ನಾನು. ವಿಳಂಬದ ಭಾಗ ತಾಂತ್ರಿಕ ವರದಿಗೆ ಸೇರಿದ್ದಲ್ಲ, ಬಿಟ್ಟುಬಿಡಬಹುದು ಎಂದು ಕಚೇರಿಯಿಂದ ಸೂಚನೆ ಬಂತು. ಥರ್ಮಾಮೀಟರನ್ನು ಅಳತೆಗೆ ಹೊಂದಿಸದೆ ಓದಿದ್ದರೆ ಅದನ್ನು ತಾಂತ್ರಿಕ ದೋಷವೆಂದು ಬರೆಯುತ್ತೇವೆ. ಗಡಿಯಾರಕ್ಕೆ ಬೇರೆ ನ್ಯಾಯವೇಕೆ? ಆ ಭಾಗವನ್ನು ಹಾಗೆಯೇ ಉಳಿಸಿದೆ. ಸುಟ್ಟುಹೋದ ಸೌದೆಯ ಲೆಕ್ಕವನ್ನೂ ಅದರ ಕೆಳಗೆ ಬರೆದೆ.

ಅಂದಿನಿಂದ ಯಾವ ದೇಶಕ್ಕೆ ಹೋದರೂ ಮೊದಲ ದಿನ ನಾನು ಮಾಡುವ ಕೆಲಸ ಒಂದಿದೆ. ಕ್ಷೇತ್ರದ ಆಪರೇಟರುಗಳನ್ನೆಲ್ಲ ಸೇರಿಸಿ, ಒಂದು ಪಂಪನ್ನು ಚಾಲೂ ಮಾಡಿಸಿ, ಎಷ್ಟು ಗಂಟೆಗೆ ಚಾಲೂ ಆಯಿತು ಎಂದು ಪ್ರತಿಯೊಬ್ಬರೂ ತಮ್ಮ ಪುಸ್ತಕದಲ್ಲಿ ಬರೆಯಲು ಹೇಳುತ್ತೇನೆ. ಆಮೇಲೆ ಎಲ್ಲವನ್ನೂ ಕಂಪ್ಯೂಟರಿನ ದಾಖಲೆಯ ಪಕ್ಕದಲ್ಲಿಟ್ಟು ನೋಡುತ್ತೇನೆ. ಐದು ನಿಮಿಷದ ಕೆಲಸ. ಗಡಿಯಾರ ಹತ್ತು ನಿಮಿಷ ತಪ್ಪಿದ್ದು ಹಲವು ಕಡೆ ಸಿಕ್ಕಿದೆ, ಗಂಟೆಗಟ್ಟಲೆ ತಪ್ಪಿದ್ದೂ ಸಿಕ್ಕಿದೆ. ಇನ್ನೊಂದು, ಷರಾ ಅಂಕಣದಲ್ಲಿ ಬರೆಯುವವರ ಭಾಷೆ ಯಾವುದೇ ಇರಲಿ, ಬದಲಿಸಲು ಹೇಳುವುದಿಲ್ಲ. ಪ್ರತಿ ಸಂಜೆ ಅದನ್ನು ಓದಿಸಿಕೊಳ್ಳುತ್ತೇನೆ.

ಆ ಕಾರ್ಖಾನೆಯಲ್ಲಿ ಮುದ್ರಿತ ಹಾಳೆಗಳು ಜಿಬೂಟಿಯಿಂದ ಕೊನೆಗೂ ಬಂದವು. ಅವನ್ನು ಬಳಸಲಿಲ್ಲ. ಹುಡುಗ ತನ್ನ ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಗಂಟೆಗೆ ಎರಡು ಅಂಕಣ ಎಳೆದ, ಎಡಕ್ಕೆ ಅವರದು, ಬಲಕ್ಕೆ ನಮ್ಮದು. ಉಳಿದ ಪಾಳಿಯವರೂ ಅದನ್ನೇ ನಕಲು ಮಾಡಿಕೊಂಡರು.

ಮೂರನೆಯ ಓಟ ಬೆಳಗಿನ ಜಾವ ಶುರುವಾಯಿತು. ಎಂಟೂವರೆಗೆ ಬೈಪಾಸ್ ತೆರೆಯಲು ಹೇಳಿ ನಾನು ನಿಯಂತ್ರಣ ಕೊಠಡಿ ಬಿಟ್ಟು ಕೊಳವೆಯ ಬಳಿಗೆ ಹೋದೆ. ಅಂಕಿಯನ್ನು ನೋಡಲು ಅಲ್ಲಿ ಬೇರೆಯವರಿದ್ದರು. ಹುಡುಗ ಏಣಿಯ ಮೇಲೆ, ತೆರೆದಿಟ್ಟ ಬೆಲ್ಲೋಸಿನ ಪಕ್ಕದಲ್ಲಿ ನಿಂತಿದ್ದ. ಬೆಲ್ಲೋಸಿನ ಮಡಿಕೆಗಳು ಒಂದೊಂದಾಗಿ ಹತ್ತಿರವಾಗುತ್ತಿದ್ದುದು ಕೆಳಗಿನಿಂದಲೇ ಕಾಣುತ್ತಿತ್ತು. ಒಂಬತ್ತಾಯಿತು, ಒಂಬತ್ತೂಕಾಲಾಯಿತು. ಕೊಠಡಿಯಿಂದ ಫಿಟ್ಟರ್ ಹೊರಗೆ ಬಂದು ಎರಡು ಬೆರಳು, ಆಮೇಲೆ ಆರು ಬೆರಳು ತೋರಿಸಿದರು. ಇಪ್ಪತ್ತಾರು. ಹುಡುಗ ಕೆಳಗಿಳಿದು ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟ. 3:10, 9:10, 118 ಡಿಗ್ರಿ. ಅಂಚು ಖಾಲಿ ಇತ್ತು.